‘ಯೆಸ್ಟರ್ಡೇ ಐ ಹ್ಯಾಡ್ ಗಾನ್’: ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಬಿಡಿಸೋದು ಹೇಗೆ?

ಸಾಗರದ ಇಂಗ್ಲಿಷ್ ಟೀಚರ್:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸ್ತೀನಿ. ಪೂರ್ತಿ ಕನ್ನಡ ಮಾಧ್ಯಮ.

ಒಂಬತ್ತನೇ ಕ್ಲಾಸಿನವರನ್ನು ಮುರುಡೇಶ್ವರಕ್ಕೆ ಪ್ರವಾಸ ಕರ್ಕೊಂಡು ಹೋಗಿದ್ವಿ. ಬಂದ ಮೇಲೆ ಅದರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೀರಿ ಅಂದೆ. ಹೆಚ್ಚಿನ ನೋಟ್‌ಬುಕ್ಕುಗಳಲ್ಲಿ ಮೊದಲ ಸಾಲೇ ಹೀಗಿದೆ: ‘ಲಾಸ್ಟ್ ಸಾಟರ್ಡೇ ವಿ ಹ್ಯಾಡ್ ಗಾನ್ ಟು ಮುರುಡೇಶ್ವರ.’ ‘ವೆಂಟ್’ ಬರೀಬೇಕು ಅಂತ ಕೆಂಪು ಪೆನ್ನಿನಲ್ಲಿ ತಿದ್ದಿದೆ. ಬೋರ್ಡಿನ ಮೇಲೆ ರೂಲನ್ನೂ ಬರೆಸಿದೆ: ಹಿಂದೆ ಎರಡು ಕೆಲಸ ನಡೆದಿದ್ದರೆ ಮೊದಲು ನಡೆದದ್ದಕ್ಕೆ ಹ್ಯಾಡ್, ಅದರ ಜೊತೆ ವಿ-ತ್ರೀ, ಅಂದರೆ ಗೋ-ವೆಂಟ್-ಗಾನ್ ಅನ್ನೋದರಲ್ಲಿ ಮೂರನೇ ರೂಪ. ಕೇಳಿದರೆ ಪಟಪಟ ಅಂತ ಹೇಳ್ತಾರೆ, ಬಿಟ್ಟ ಸ್ಥಳವನ್ನೂ ಸರಿಯಾಗೇ ತುಂಬ್ತಾರೆ. ಸ್ವಂತವಾಗಿ ನಾಲ್ಕು ಸಾಲು ಬರೀರಿ ಅಂದ ಕೂಡಲೇ ಮತ್ತೆ ‘ಹ್ಯಾಡ್ ಗಾನ್’.

ಇನ್ನೊಂದು ಕಡೆ, ಹ್ಯಾಡ್ ಬೇಕೇ ಬೇಕು ಅನ್ನೋ ಜಾಗದಲ್ಲಿ ಅದು ಬರೋದೇ ಇಲ್ಲ. ನಾವು ಹೋಗೋ ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕಿದ್ದರು. ಒಬ್ಬ ಹುಡುಗಿ ಬರೆದಿದ್ದಾಳೆ: ‘ವೆನ್ ವಿ ರೀಚ್ಡ್ ದ ಟೆಂಪಲ್, ದೇ ಕ್ಲೋಸ್ಡ್ ದ ಡೋರ್.’ ನಮ್ಮನ್ನು ನೋಡಿಯೇ ಬಾಗಿಲು ಹಾಕಿಕೊಂಡ ಹಾಗಾಯ್ತು! ‘ಡಿಡ್ ನಾಟ್ ವೆಂಟ್’ ಅನ್ನೋದಂತೂ ಎಲ್ಲರಲ್ಲೂ ಇದೆ.

ಈ ಮಕ್ಕಳಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಕ್ಲಾಸಿನಲ್ಲಿ ನೀವು ಇದನ್ನು ಹೇಗೆ ಮಾಡ್ತೀರಿ, ಹೇಳಿ.

ಮಂಡ್ಯ ಕಡೆಯ ಶಿಕ್ಷಕ:

ಮೇಡಂ, ವಿ-ಒನ್ ವಿ-ಟೂ ವಿ-ತ್ರೀ ಬಾಯಿಪಾಠ ಇಲ್ಲದೆ ಯಾವ ಟೆನ್ಸೂ ನಿಲ್ಲಲ್ಲ. ಆದರೆ ಎ ಇಂದ ಝಡ್ ತನಕ ಪಟ್ಟಿ ಕೊಡಬೇಡಿ, ಸದ್ದಿನ ಪ್ರಕಾರ ಗುಂಪು ಮಾಡಿ. ಕಟ್, ಪುಟ್, ಹರ್ಟ್ ಮೂರೂ ಕಡೆ ಒಂದೇ, ಅದು ಒಂದು ಗುಂಪು. ಬ್ರಿಂಗ್-ಬ್ರಾಟ್, ಬೈ-ಬಾಟ್, ಥಿಂಕ್-ಥಾಟ್ ಇನ್ನೊಂದು. ಸಿಂಗ್-ಸ್ಯಾಂಗ್-ಸಂಗ್ ಹೇಳಿಕೊಟ್ಟರೆ ಡ್ರಿಂಕ್, ಸ್ವಿಮ್, ಬಿಗಿನ್ ತಾವಾಗೇ ಬರ್ತಾವೆ. ಬೆಳಿಗ್ಗೆ ಪ್ರಾರ್ಥನೆ ಮುಗಿದು ಕ್ಲಾಸಿಗೆ ಬರೋವಾಗ ಒಂದು ಗುಂಪು ಹೇಳಿಸಿದರೆ ಸಾಕು, ಅದಕ್ಕೆ ಬೇರೆ ಪೀರಿಯಡ್ ಬೇಕಿಲ್ಲ.

ಹಾಗೇ ‘ವಾಕೆಡ್’, ‘ಕುಕ್ಕೆಡ್’ ಅಂತ ಓದೋದನ್ನೂ ಆಗಲೇ ತಿದ್ದಿ. ವಾಕ್ಟ್, ಪ್ಲೇಡ್, ವಾಂಟೆಡ್ ಅಂತ ಮೂರು ಥರ ಸದ್ದು ಇದೆ. ಕೊನೇಲಿ ಟಿ ಇಲ್ಲವೇ ಡಿ ಸದ್ದು ಇದ್ದರೆ ಮಾತ್ರ ‘ಎಡ್’ ಬಿಡಿಸಿ ಹೇಳೋದು.

ಹಾಸನದ ನಿವೃತ್ತ ಮೇಷ್ಟ್ರು:

ಮಂಡ್ಯದವರು ಹೇಳಿದ್ದು ಮಾಡಲೇಬೇಕಾದ ಕೆಲಸ. ಆದರೆ ಮೇಡಂ, ನಿಮ್ಮ ಮಕ್ಕಳು ‘ಹ್ಯಾಡ್ ಗಾನ್’ ಅಂತ ಬರೀತಿದ್ದಾರೆ ಅಂದರೆ ವಿ-ತ್ರೀ ಅವರಿಗೆ ಬರುತ್ತೆ ಅಂತಲೇ ಅರ್ಥ. ತೊಡಕು ಇರೋದು ಬೇರೆ ಕಡೆ. ಅವರು ಒಳ್ಳೆ ಕನ್ನಡ ಮಾತಾಡ್ತಾರೆ, ಅದನ್ನೇ ಇಂಗ್ಲಿಷಿಗೆ ಇಳಿಸ್ತಾರೆ.

ನಿಮ್ಮ ಪೋಸ್ಟನ್ನೇ ನೋಡಿ, ‘ಪ್ರವಾಸ ಕರ್ಕೊಂಡು ಹೋಗಿದ್ವಿ’ ಅಂತಲೇ ಶುರು ಮಾಡಿದ್ದೀರಿ. ‘ಶನಿವಾರ ಎಲ್ಲಿಗೆ ಹೋಗಿದ್ರಿ?’ ಅಂತ ಕೇಳ್ತೀವಿ, ‘ಮುರುಡೇಶ್ವರಕ್ಕೆ ಹೋಗಿದ್ವಿ’ ಅಂತ ಉತ್ತರ ಬರುತ್ತೆ. ಬರೀ ‘ಹೋದ್ವಿ’ ಅಂದರೆ ಕೇಳೋರು ‘ಆಮೇಲೆ?’ ಅಂತ ಕಾಯ್ತಾರೆ. ಹೋಗಿ ವಾಪಸ್ ಬಂದಾಯ್ತು, ಆ ಸಂಗತಿ ಮುಗೀತು ಅನ್ನೋದನ್ನು ಕನ್ನಡ ಆ ‘ಇದ್ದು’ವಿನಿಂದ ಹೇಳುತ್ತೆ. ಇಂಗ್ಲಿಷಿಗೆ ಅದು ಬೇಕಿಲ್ಲ, ‘ಲಾಸ್ಟ್ ಸಾಟರ್ಡೇ’ ಅಂದರೆ ಅಲ್ಲಿಗೆ ಮುಗೀತು. ಇದು ಕನ್ನಡದವರಿಗೆ ಮಾತ್ರ ಇರೋ ತೊಂದರೆಯೂ ಅಲ್ಲ, ಹಿಂದಿಯವರು ‘ಗಯಾ ಥಾ’ದಿಂದ ಇದೇ ಜಾಗಕ್ಕೆ ಬರ್ತಾರೆ.

ಆ ನೋಟ್‌ಬುಕ್ಕುಗಳನ್ನು ಇನ್ನೊಂದು ಸಲ ತೆಗೆದು ನೋಡಿ. ಬೇಡದ ಹ್ಯಾಡ್ ಹೆಚ್ಚಾಗಿ ಮೊದಲ ಸಾಲಿನಲ್ಲೇ ಇರುತ್ತೆ. ಎರಡನೇ ಸಾಲಿಂದ ‘ವಿ ಸಾ ದ ಸೀ, ವಿ ಏಟ್ ಚುರುಮುರಿ’ ಅಂತ ಸರಿಯಾಗೇ ಹೋಗಿರುತ್ತೆ. ಯಾಕೆಂದರೆ ಕನ್ನಡದಲ್ಲೂ ‘ಹೋಗಿದ್ದೆವು’ ಅಂತ ಶುರು ಮಾಡಿ ಆಮೇಲೆ ‘ಬೋಟ್ ಹತ್ತಿದೆವು, ಚುರುಮುರಿ ತಿಂದೆವು’ ಅಂತಲೇ ಹೇಳ್ತೀವಿ.

ನಾನು ಮಾಡ್ತಿದ್ದದ್ದು ಇಷ್ಟು. ಬೋರ್ಡಿನ ಮೇಲೆ ಎರಡು ಕನ್ನಡ ವಾಕ್ಯ ಬರೀತಿದ್ದೆ.

ನಿನ್ನೆ ಹಾಸನಕ್ಕೆ ಹೋಗಿದ್ದೆ.
ನಾನು ಸ್ಟ್ಯಾಂಡಿಗೆ ಬರೋ ಹೊತ್ತಿಗೆ ಬಸ್ಸು ಹೋಗಿತ್ತು.

ಎರಡರಲ್ಲೂ ‘ಹೋಗಿ’ ಇದೆ, ‘ಇದ್ದೆ, ಇತ್ತು’ ಇದೆ. ಈಗ ಒಂದೇ ಪ್ರಶ್ನೆ: ಯಾವುದಕ್ಕಿಂತ ಮುಂಚೆ? ಎರಡನೆಯದಕ್ಕೆ ಇಡೀ ಕ್ಲಾಸು ಒಟ್ಟಿಗೆ ಹೇಳುತ್ತೆ, ‘ನೀವು ಬರೋದಕ್ಕಿಂತ ಮುಂಚೆ ಸರ್.’ ಹಿಂದೆ ನಡೆದ ಇನ್ನೊಂದು ಸಂಗತಿ ಸಿಕ್ಕಿತು, ಹಾಗಾಗಿ ‘ಹ್ಯಾಡ್ ಗಾನ್’. ಮೊದಲನೆಯದಕ್ಕೆ ಕೇಳಿದರೆ ಸುಮ್ಮನಾಗ್ತಾರೆ. ಆಮೇಲೆ ಯಾರೋ ಒಬ್ಬರು ‘ಈಗಿಗಿಂತ ಮುಂಚೆ’ ಅಂತಾರೆ. ಈಗಿಗಿಂತ ಮುಂಚೆ ಅನ್ನೋದೊಂದೇ ಉತ್ತರವಾದರೆ ‘ವೆಂಟ್’. ಇದೊಂದು ಪ್ರಶ್ನೆ ಮಕ್ಕಳ ಬಾಯಿಗೆ ಬಂದರೆ ಮುಕ್ಕಾಲು ಕೆಲಸ ಆಯ್ತು. ಬರೆದು ಮುಗಿಸಿದ ಮೇಲೆ ಪ್ರತಿ ಹ್ಯಾಡ್ ಕೆಳಗೂ ಗೆರೆ ಎಳೆದು, ಯಾವುದಕ್ಕಿಂತ ಮುಂಚೆ ಅಂತ ತಾವೇ ಕೇಳಿಕೊಳ್ಳೋ ಹಾಗೆ ಮಾಡಿ. ಇಲ್ಲ ಅನ್ನೋ ವಾಕ್ಯಕ್ಕೆ ‘ಅಲ್ಲಿಯವರೆಗೆ’ ಸೇರಿಸಿ ನೋಡಬೇಕು. ‘ಅಲ್ಲಿಯವರೆಗೆ ನಾನು ಸಮುದ್ರ ನೋಡಿರಲಿಲ್ಲ’ ಅನ್ನೋ ಮಗು ನಿಮ್ಮ ಕ್ಲಾಸಿನಲ್ಲಿ ಇದ್ದೇ ಇರುತ್ತೆ. ‘ಐ ಹ್ಯಾಡ್ ನೆವರ್ ಸೀನ್ ದ ಸೀ ಬಿಫೋರ್’ ಅನ್ನೋದನ್ನು ಆ ಮಗುವಿನಿಂದಲೇ ಹೇಳಿಸಿ.

ಒಂದು ಎಚ್ಚರಿಕೆ. ಶುರುವಿನಲ್ಲಿ ಹೋಗು, ಬರು, ತಿನ್ನು ಥರದ ಕ್ರಿಯಾಪದಗಳನ್ನೇ ತಗೊಳ್ಳಿ. ನೋಡು, ಮಾಡು ಬೇಡ. ನಮ್ಮ ಕಡೆ ಮಾತಿನಲ್ಲಿ ‘ನೋಡಿದೆವು’, ‘ನೋಡಿದ್ದೆವು’ ಎರಡೂ ‘ನೋಡಿದ್ವಿ’ ಆಗಿಬಿಡುತ್ತೆ, ಮಕ್ಕಳ ಕಿವಿಗೆ ವ್ಯತ್ಯಾಸ ಸಿಗಲ್ಲ.

ಇನ್ನು ಡಾಕ್ಟರು ಬರೋ ಮುಂಚೆ ರೋಗಿ ಸತ್ತ ಆ ವಾಕ್ಯ, ‘ದ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದ ಡಾಕ್ಟರ್ ಕೇಮ್.’ ತಲೆಮಾರುಗಳಿಂದ ಎಲ್ಲ ಕ್ಲಾಸಿನಲ್ಲೂ ಅದೇ. ದಯವಿಟ್ಟು ಅದರಿಂದ ಶುರು ಮಾಡಬೇಡಿ. ‘ಬಿಫೋರ್’ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಯಾವುದು ಮೊದಲು ಅನ್ನೋದು ಗೊತ್ತಾಗೇ ಹೋಯ್ತು. ಅಲ್ಲಿ ಹ್ಯಾಡ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮಗು ಅದರಿಂದ ಕಲಿಯೋದು ‘ಬಿಫೋರ್ ಕಂಡರೆ ಹ್ಯಾಡ್ ಹಾಕು’ ಅನ್ನೋದನ್ನು ಮಾತ್ರ. ಬಿಟ್ಟ ಸ್ಥಳ ಸರಿಯಾಗಿ ತುಂಬಿ ಪ್ರಬಂಧದಲ್ಲಿ ತಪ್ಪೋದು ಇದಕ್ಕೇ. ಹ್ಯಾಡ್ ನಿಜವಾಗಿ ಕೆಲಸ ಮಾಡೋದು ‘ವೆನ್’ ಜೊತೆ. ಅದನ್ನು ಆಡಿಸಿ ತೋರಿಸಬೇಕು. ಒಬ್ಬ ಹುಡುಗ ಡೆಸ್ಕ್ ಬಡೀತಾನೆ, ಅದೇ ಬೆಲ್ಲು. ಮೊದಲನೇ ಸಲ ಬೆಲ್ ಆದ ಮೇಲೆ ಒಬ್ಬಳು ಎದ್ದು ಬಾಗಿಲು ದಾಟ್ತಾಳೆ: ‘ವೆನ್ ದ ಬೆಲ್ ರ್‍ಯಾಂಗ್, ಶಿ ಲೆಫ್ಟ್.’ ಎರಡನೇ ಸಲ ಅವಳು ಮೊದಲೇ ಹೊರಗೆ ಹೋಗಿ ವರಾಂಡದಲ್ಲಿ ನಿಂತಿರ್ತಾಳೆ, ಆಮೇಲೆ ಬೆಲ್ಲು. ಖಾಲಿ ಬೆಂಚು ತೋರಿಸಿ ಕೇಳಿ. ‘ವೆನ್ ದ ಬೆಲ್ ರ್‍ಯಾಂಗ್, ಶಿ ಹ್ಯಾಡ್ ಲೆಫ್ಟ್.’ ನಿಮ್ಮ ದೇವಸ್ಥಾನದ ಬಾಗಿಲಿನ ವಾಕ್ಯಾನ ಆ ಹುಡುಗಿಯೇ ಆಗ ತಿದ್ದಿಕೊಳ್ತಾಳೆ.

ಮಾರನೇ ದಿನಕ್ಕೆ ಜ್ಞಾನಪೀಠದ ಪಟ್ಟಿ. ಮಕ್ಕಳಿಗೆ ಕನ್ನಡ ಪೀರಿಯಡ್‌ನಿಂದ ಹೆಸರುಗಳು ಗೊತ್ತಿರುತ್ತವೆ. ಪ್ರಶಸ್ತಿಯ ಸಾಲನ್ನು ಪಕ್ಕದಲ್ಲಿ ಬರೀರಿ: ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ್ 1990, ಅನಂತಮೂರ್ತಿ 1994, ಕಾರ್ನಾಡ್ 1998, ಕಂಬಾರ 2010. ‘ಬೇಂದ್ರೆ ವನ್ ದ ಅವಾರ್ಡ್ ಇನ್ 1973’ ಅನ್ನೋವಾಗ ಒಂದೇ ಇಸವಿ, ಹ್ಯಾಡ್ ಬೇಡ. ‘ವೆನ್ ಮಾಸ್ತಿ ವನ್ ಇಟ್, ಕಾರಂತ ಹ್ಯಾಡ್ ಆಲ್ರೆಡಿ ವನ್ ಇಟ್’ ಅನ್ನೋವಾಗ ಮಾಸ್ತಿಯವರ ಇಸವಿಯಲ್ಲಿ ನಿಂತು ಹಿಂದೆ ತಿರುಗಿ ನೋಡ್ತೀವಿ. ‘ಬೈ 1995, ಸಿಕ್ಸ್ ಕನ್ನಡ ರೈಟರ್ಸ್ ಹ್ಯಾಡ್ ವನ್ ಇಟ್.’ ಬೆರಳಿಟ್ಟು ಎಣಿಸಲಿ. ವಿನ್-ವನ್-ವನ್ ಆದ್ದರಿಂದ ವಿ-ಟೂ ವಿ-ತ್ರೀ ಗೊಂದಲ ಇಲ್ಲ, ಗಮನ ಪೂರ್ತಿ ಹ್ಯಾಡ್ ಮೇಲೆ ಇರುತ್ತೆ. ಹೆಸರು ಹಿಂದೆಮುಂದೆ ಮಾಡಿ ಕೇಳ್ತಾ ಹೋದರೆ ಒಂದು ಪೀರಿಯಡ್ ಸಾಲದು.

‘ಡಿಡ್ ನಾಟ್ ವೆಂಟ್’ಗೂ ಕನ್ನಡದಲ್ಲೇ ದಾರಿ ಇದೆ. ‘ಹೋದ’ ಅಂತೀವಿ, ಆದರೆ ಇಲ್ಲ ಅನ್ನೋವಾಗ ‘ಹೋದಲಿಲ್ಲ’ ಅಂತ ಯಾರೂ ಅನ್ನಲ್ಲ, ‘ಹೋಗಲಿಲ್ಲ’ ಅಂತೀವಿ. ಕ್ರಿಯಾಪದ ತನ್ನ ಹಳೇ ರೂಪಕ್ಕೆ ವಾಪಸ್ ಹೋಯ್ತು. ಇಂಗ್ಲಿಷಿನಲ್ಲೂ ಹಾಗೇ, ‘ಡಿಡ್ ನಾಟ್’ ಬಂತು, ‘ವೆಂಟ್’ ‘ಗೋ’ ಆಯ್ತು. ಬಂದ-ಬರಲಿಲ್ಲ, ತಿಂದ-ತಿನ್ನಲಿಲ್ಲ ಅಂತ ಸಾಲಾಗಿ ಬರೆಸಿ, ಪಕ್ಕದಲ್ಲಿ ಇಂಗ್ಲಿಷ್ ಬರೆಸಿ. ಈ ಹೋಲಿಕೆಯನ್ನು ನೀವು ಹೇಳಬೇಡಿ, ಮಕ್ಕಳೇ ಕಂಡುಕೊಳ್ಳಲಿ.

ಧಾರವಾಡದ ಪಿಯು ಲೆಕ್ಚರರ್:

ಹಾಸನದ ಸರ ಹೇಳಿದ್ದು ಖರೇ ಅದ. ‘ಯಾವುದಕ್ಕಿಂತ ಮುಂಚೆ’ ಅನ್ನೋ ಪ್ರಶ್ನೆಗೆ ಗಟ್ಟಿ ಬುನಾದಿನೂ ಅದ. ಹಾನ್ಸ್ ರೈಖೆನ್‌ಬಾಖ್ ಅನ್ನೋ ತತ್ತ್ವಜ್ಞಾನಿ 1947ರಾಗ ಇದನ್ನ ಬಿಡಿಸಿ ತೋರಿಸಿದ್ರು. ನಾವು ಮಾತಾಡೋ ಹೊತ್ತು ಒಂದು, ಕೆಲಸ ಆದ ಹೊತ್ತು ಒಂದು, ನಾವು ಮನಸ್ಸಿನಾಗ ನಿಂತು ನೋಡೋ ಹೊತ್ತು ಇನ್ನೊಂದು. ಸಿಂಪಲ್ ಪಾಸ್ಟಿನಾಗ, ಅಂದ್ರ ‘ವೆಂಟ್’ನಾಗ, ಕೊನೇ ಎರಡೂ ಒಂದೇ ಜಾಗಾ. ಪಾಸ್ಟ್ ಪರ್ಫೆಕ್ಟಿನಾಗ, ಅಂದ್ರ ‘ಹ್ಯಾಡ್ ಗಾನ್’ನಾಗ, ನಿಂತು ನೋಡೋ ಜಾಗಾ ಹಿಂದ ಇರ್ತದ, ಕೆಲಸ ಅದಕ್ಕಿಂತಲೂ ಹಿಂದ ಆಗಿರ್ತದ. ಮಕ್ಕಳಿಗೆ ಈ ಹೆಸರು ಬ್ಯಾಡ್ರಿ, ಬೋರ್ಡಿನ ಮ್ಯಾಲೆ ಒಂದು ಗೆರಿ ಹಾಕಿ ಮೂರು ಚುಕ್ಕಿ ಇಟ್ರ ಸಾಕು.

ಇನ್ನೊಂದು ತಪ್ಪು ತಿಳುವಳಿಕೆ ಪಿಯುಸಿ ತನಕ ಉಳೀತದ. ಹ್ಯಾಡ್ ಅಂದ್ರ ‘ಭಾಳ ಹಿಂದಿನ ಕಾಲ’ ಅಂತ ಹುಡುಗ್ರು ತಿಳ್ಕೊಂಡಿರ್ತಾರ. ‘ಅಶೋಕ ಹ್ಯಾಡ್ ರೂಲ್ಡ್ ಇಂಡಿಯಾ’ ಅಂತ ಬರೀತಾರ. ಎರಡು ಸಾವಿರ ವರ್ಷಕ್ಕಿಂತ ಹಿಂದಿಂದಾದ್ರೂ ‘ರೂಲ್ಡ್’ ಅಂದ್ರ ಮುಗೀತು. ಐದು ನಿಮಿಷದ ಹಿಂದಿನ ಮಾತಿಗೂ ಹ್ಯಾಡ್ ಬೇಕಾಗಬಹುದು. ಎಷ್ಟು ಹಿಂದ ಅನ್ನೋದು ಲೆಕ್ಕಕ್ಕಿಲ್ಲ, ಯಾವುದರ ಹಿಂದ ಅನ್ನೋದಷ್ಟೇ.

ರಿಪೋರ್ಟೆಡ್ ಸ್ಪೀಚಿಗೂ, ಅಂದ್ರ ಒಬ್ಬರು ಆಡಿದ ಮಾತನ್ನ ಇನ್ನೊಬ್ಬರು ಹೇಳೋದಕ್ಕೂ, ಇದೇ ಪ್ರಶ್ನೆ ನಡೀತದ. ‘ಹಿ ಸೆಡ್ ದಟ್ ಹಿ ಹ್ಯಾಡ್ ಲಾಸ್ಟ್ ಹಿಸ್ ಪೆನ್.’ ಯಾವುದಕ್ಕಿಂತ ಮುಂಚೆ? ಹೇಳೋದಕ್ಕಿಂತ ಮುಂಚೆ. ಕನ್ನಡದಾಗ ‘ಪೆನ್ನು ಕಳ್ಕೊಂಡೆ ಅಂತ ಹೇಳಿದ’ ಅಂತ ಮಾತನ್ನ ಹಂಗೇ ಇಡ್ತೀವಿ, ಕಾಲ ಬದಲಾಗೂದಿಲ್ಲ. ಅದಕ್ಕ ಹತ್ತನೇ ಕ್ಲಾಸಿನಾಗ ಆ ಪಾಠ ಕಷ್ಟ ಆಗ್ತದ. ಈಗಲೇ ಈ ಪ್ರಶ್ನೆ ರೂಢಿ ಮಾಡಿಸಿದ್ರ ಆಗ ಹಗುರಾಗ್ತದ.

ಬೆಂಗಳೂರಿನ ಓದುಗರೊಬ್ಬರು:

ಇಂಗ್ಲಿಷ್ ಪೀರಿಯಡ್‌ನಲ್ಲಿ ಇಷ್ಟೊಂದು ಕನ್ನಡ ತಂದರೆ ಮಕ್ಕಳು ಕೊನೆಯವರೆಗೂ ಕನ್ನಡದಲ್ಲೇ ಯೋಚಿಸಿ ಬರೆಯುತ್ತಾರಲ್ಲವೇ? ಇಂಗ್ಲಿಷಿನಲ್ಲೇ ಕಥೆ ಕೇಳಿಸಿ, ಓದಿಸಿ ಅಭ್ಯಾಸ ಮಾಡಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಹಾಸನದ ನಿವೃತ್ತ ಮೇಷ್ಟ್ರು:

ಕಥೆ ಓದಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೇಲಿ, ಬಯಲಿನಲ್ಲಿ, ಬಸ್ಸಿನಲ್ಲಿ ಒಂದು ಇಂಗ್ಲಿಷ್ ವಾಕ್ಯವೂ ಕಿವಿಗೆ ಬೀಳದ ಮಗು ಕನ್ನಡದಲ್ಲೇ ಯೋಚಿಸುತ್ತೆ, ನಾವು ಕನ್ನಡ ತಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎರಡು ಭಾಷೆ ಎಲ್ಲಿ ಬೇರೆಬೇರೆ ದಾರಿ ಹಿಡೀತಾವೆ ಅಂತ ಆ ಮಗುವಿಗೆ ಒಂದು ಸಲ ಕಣ್ಣಿಗೆ ಕಾಣಬೇಕು. ಅದಕ್ಕೆ ಒಂದೆರಡು ಪೀರಿಯಡ್ ಕನ್ನಡ, ಮಿಕ್ಕಿದ್ದು ಇಂಗ್ಲಿಷೇ. ‘ಹೋಗಿದ್ದೆ’ ಅನ್ನೋದು ತಪ್ಪು ಅಂತ ಮಾತ್ರ ಯಾವ ಮಗುವಿಗೂ ಅನ್ನಿಸಬಾರದು. ಅದು ಸರಿಯಾದ ಕನ್ನಡ.

ಸಾಗರದ ಇಂಗ್ಲಿಷ್ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಟ್‌ಬುಕ್ಕುಗಳನ್ನು ಮತ್ತೆ ನೋಡಿದೆ ಸರ್, ನೀವು ಹೇಳಿದ ಹಾಗೇ ಮೊದಲ ಸಾಲಿನಲ್ಲೇ ಕೂತಿದೆ. ಡೆಸ್ಕ್ ಬಡಿಯೋ ಆಟ ಆಡಿಸಿದೆ. ಬಾಗಿಲಿನ ವಾಕ್ಯ ಬರೆದ ಹುಡುಗಿ ತಾನೇ ಎದ್ದು ಬಂದು ‘ದೇ ಹ್ಯಾಡ್ ಕ್ಲೋಸ್ಡ್’ ಅಂತ ಬೋರ್ಡಿನ ಮೇಲೆ ಬರೆದಳು. ತುಂಬಾ ಖುಷಿಯಾಯ್ತು.

ಈಗ ಇನ್ನೊಂದು ಬಂದಿದೆ. ಹ್ಯಾಡ್ ಕೆಳಗೆ ಗೆರೆ ಎಳೆಯಿರಿ ಅಂದೆನಲ್ಲ, ಒಬ್ಬ ಹುಡುಗ ‘ವಿ ಹ್ಯಾಡ್ ಲಂಚ್ ನಿಯರ್ ದ ಬೀಚ್’ ಅನ್ನೋದಕ್ಕೂ ಗೆರೆ ಎಳೆದು, ಯಾವುದಕ್ಕಿಂತ ಮುಂಚೆಯೂ ಅಲ್ಲ ಅಂತ ಹ್ಯಾಡನ್ನೇ ಹೊಡೆದುಹಾಕಿದ್ದಾನೆ. ‘ವಿ ಲಂಚ್ ನಿಯರ್ ದ ಬೀಚ್’ ಅಂತ ಉಳಿದಿದೆ. ಇದಕ್ಕೇನು ಹೇಳಲಿ?

ಹಾಸನದ ನಿವೃತ್ತ ಮೇಷ್ಟ್ರು:

ಆ ಹುಡುಗ ನೀವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಾನೆ, ಅವನನ್ನು ಮೆಚ್ಚಿ ಒಂದು ಮಾತು ಹೇಳಿ. ಗೆರೆ ಎಳೆಯೋ ಮುಂಚೆ ಹ್ಯಾಡ್ ಮುಂದೆ ಏನಿದೆ ಅಂತ ನೋಡಬೇಕು. ಮುಂದೆ ವಿ-ತ್ರೀ ಇದ್ದರೆ ಮಾತ್ರ ನಮ್ಮ ಪ್ರಶ್ನೆ. ಲಂಚ್, ಫೀವರ್, ಎ ಡಾಗ್, ಟೂ ಬ್ರದರ್ಸ್ ಥರ ಹೆಸರು ಇದ್ದರೆ ಆ ಹ್ಯಾಡ್ ತಾನೇ ಕ್ರಿಯಾಪದ, ‘ಹ್ಯಾವ್’ನ ವಿ-ಟೂ. ಊಟ ಮಾಡಿದೆವು, ಜ್ವರ ಬಂದಿತ್ತು, ನಾಯಿ ಇತ್ತು. ಅದನ್ನು ಮುಟ್ಟಬಾರದು.

‘ಹ್ಯಾವ್’ನ ವಿ-ತ್ರೀಯೂ ಹ್ಯಾಡೇ ಆದ್ದರಿಂದ ‘ವೆನ್ ದ ಬಸ್ ಕೇಮ್, ವಿ ಹ್ಯಾಡ್ ಹ್ಯಾಡ್ ಲಂಚ್’ ಅಂತಲೂ ಬರುತ್ತೆ, ಅದು ಸರಿಯೇ. ಆದರೆ ಒಂಬತ್ತನೇ ಕ್ಲಾಸಿಗೆ ಈಗಲೇ ಅದು ಬೇಡ ಮೇಡಂ. ‘ವಿ ಹ್ಯಾಡ್ ಫಿನಿಶ್ಡ್ ಲಂಚ್’ ಅಂತ ಬರೆಸಿ. ಎರಡು ಹ್ಯಾಡ್ ಯಾವಾಗ ಅಂತ ಯಾರಾದರೂ ಮಕ್ಕಳು ತಾವಾಗೇ ಕೇಳಿದ ದಿನ ಹೇಳಿಕೊಡಿ.