ಪದಚರ್ಚೆ: ಮಾದರಿ 60, ಅಂಕಿ 701. ಇಂಥ ದತ್ತಾಂಶಕ್ಕೆ ಏನನ್ನೋಣ? (ತುರ್ತು)

ಸಪ್ತಾಪುರ, ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಕೃಷಿ ಮೇಳದ ಮಳಿಗೆಗೆ ಫ್ಲೆಕ್ಸ್ ಮಾಡಿಸ್ತಿದ್ದೇವೆ, ನಾಳೆ ಮಧ್ಯಾಹ್ನದೊಳಗೆ ಡಿಟಿಪಿಯವರಿಗೆ ಕೊಡಬೇಕು. ಬ್ಯಾಡಗಿ ಮೆಣಸಿನಕಾಯಿ ಪುಡಿ (ಡಬ್ಬಿ, ಕಡ್ಡಿ ಎರಡೂ) ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಮರಳಿ ಬರೋ ಬೆಳಕಿನಿಂದ ಅದರ ಬಣ್ಣದ ಅಂಶ ಅಂದಾಜು ಮಾಡೋದು ನಮ್ಮ ಕೆಲಸ. 1100ರಿಂದ 2500 ನ್ಯಾನೊಮೀಟರ್ ತನಕ ಎರಡೆರಡಕ್ಕೊಂದು ಅಳೆದರೆ ಪ್ರತಿ ಮಾದರಿಗೆ 701 ಅಂಕಿ. ಮಾದರಿಗಳು ಮಾತ್ರ 60. ಒಂದೊಂದು ಅಂಕಿಯೂ ಒಂದೊಂದು ಡೈಮೆನ್ಷನ್, ಹಾಗಾಗಿ ಇದಕ್ಕೆ ಹೈ ಡೈಮೆನ್ಷನಲ್ ಡೇಟಾ ಅಂತಾರೆ. ‘ಉನ್ನತ ಆಯಾಮದ ದತ್ತಾಂಶ’ ಅಂತ ಬರೆದಿದ್ದೆ. ಗೈಡ್ ಓದಿ, ಯೋಗ ಶಿಬಿರದ ಬೋರ್ಡ್ ಆಯ್ತಲ್ಲ ಅಂದರು. ‘ಬಹುಆಯಾಮದ’ ಅಂದರೆ ಸನ್ಮಾನಪತ್ರದ ವಾಸನೆ. ಮತ್ತೆ, ಆಯಾಮ ಹೆಚ್ಚಿದಂತೆ ಲೆಕ್ಕ ಕೈಮೀರೋ ತೊಂದರೆಗೆ 1957ರಲ್ಲಿ ಗಣಿತಜ್ಞ ಬೆಲ್‌ಮನ್ ಇಟ್ಟ ಹೆಸರು ಕರ್ಸ್ ಆಫ್ ಡೈಮೆನ್ಷನಾಲಿಟಿ. ಅದಕ್ಕೆ ‘ಆಯಾಮದ ಶಾಪ’ ನಡೀತದೆಯೇ?

ಹಾವೇರಿಯಿಂದ:

‘ಬಹುಆಯಾಮ’ ತಪ್ಪು. ಯಣ್ ಸಂಧಿಯಾಗಿ ‘ಬಹ್ವಾಯಾಮ’. ಆಯಾಮವೆಂದರೆ ಚಾಚು, ನೀಳ. ಪ್ರಾಣಾಯಾಮದಲ್ಲಿರುವುದೂ ಅದೇ, ಹಿಂದೆ ‘ವಿ’ ಸೇರಿದರೆ ವ್ಯಾಯಾಮ. ಯೋಗ ಶಿಬಿರ ನೆನಪಾದದ್ದರಲ್ಲಿ ನಿಮ್ಮ ಮಾರ್ಗದರ್ಶಕರ ತಪ್ಪೇನಿಲ್ಲ. ‘ಶಾಪ’ ಸಲ್ಲದು. ಶಾಪವೆಂದ ಮೇಲೆ ಕೊಟ್ಟವರಿರಬೇಕು, ಉಶ್ಶಾಪವೂ ಇರಬೇಕು.

ವಿದ್ಯಾನಗರ, ಹುಬ್ಬಳ್ಳಿಯಿಂದ:

ಬಹ್ವಾಯಾಮ! ಓದುವವರಿಗೇ ಪ್ರಾಣಾಯಾಮ. ಕನ್ನಡದಲ್ಲಿ ‘ಆಯ’ ಇರುವಾಗ ಬಾಲ ಯಾಕೆ ಬೇಕು? ಆಯತಪ್ಪಿ ಬಿದ್ದ ಅನ್ನುತ್ತೇವೆ, ಆಯಕಟ್ಟು ಅನ್ನುತ್ತೇವೆ. ನೀರು ಮುಟ್ಟುವ ನೆಲದ ಹರವೇ ಆಯಕಟ್ಟು. ‘ಹಲ ಆಯದ ತಿಳಿಹ’ ಎಂದು ಹಾಕಿ. ದತ್ತಾಂಶವನ್ನೂ ಕೈಬಿಡಿ.

ಹಾವೇರಿಯಿಂದ:

ಆಯವ್ಯಯ ಪತ್ರ ನೋಡಿಲ್ಲವೇ? ಅದರ ಆಯ ಯಾವ ಭಾಷೆಯದು?

ವಿದ್ಯಾನಗರ, ಹುಬ್ಬಳ್ಳಿಯಿಂದ:

ಅದು ಬೇರೆ ಆಯ, ಇದು ಬೇರೆ ಆಯ. ಉಚ್ಚಾರ ಒಂದೇ ಆದದ್ದಕ್ಕೆ ಬೇರೂ ಒಂದೇ ಅನ್ನುವುದು ನಿಮ್ಮ ಹಳೇ ಚಾಳಿ.

ಬೆಟಗೇರಿ, ಗದಗದಿಂದ:

ತಂಗಿ, ಇವರಿಬ್ಬರದೂ ಮುಗಿಯೂದಿಲ್ಲ, ನಿನ್ನ ಫ್ಲೆಕ್ಸ್ ಉಳಿತದ. ನಮ್ಮದು ಮಗ್ಗದ ಮನಿತನ. ನಾ ಈಗ ಕಂಪ್ಯೂಟರ್ ಮುಂದ ಕೂತು ಇಂಥಾ ಲೆಕ್ಕಾನ ಮಾಡ್ತೀನಿ, ಆದರ ನನಗ ಇದು ತಿಳಿದದ್ದು ಮಗ್ಗದಿಂದ. ಹಾಸು 701 ಎಳಿ ಹಚ್ಚಿ, ಹೊಕ್ಕು ಬರೇ 60 ಹೊಡದು ಮಗ್ಗ ನಿಲ್ಲಿಸಿದಂಗ ಅದ ನಿನ್ನ ಡೇಟಾ. ನೇದದ್ದು ಎರಡ ಬೆರಳು ಅರಿವಿ. ಅದನ್ನ ನೋಡಿ ಇಡೀ ಸೀರಿ ಸೆರಗು ಹೆಂಗ ಇರ್ತದ ಹೇಳು ಅಂದ್ರ? ಹೇಳಬಹುದು, ನೂರು ನಮೂನಿ ಹೇಳಬಹುದು, ಎಲ್ಲಾವೂ ಆ ಎರಡ ಬೆರಳಿಗೆ ಸರಿಯಾಗೇ ಕೂಡತಾವ. ತ್ರಾಸು ಅಲ್ಲೇ ಅದ. ‘ಹೈ’ ಅಂದದ್ದಕ್ಕ ಉನ್ನತ ಅಂತ ಹತ್ತಿ ಕುಂದರಬ್ಯಾಡ. ಇಲ್ಲಿ ಎತ್ತರ ಇಲ್ಲ, ಎಣಿಕಿ ಅದ.

ಶಾಪದ ಬದಲಿಗೆ ‘ಕಾಟ’ ಅನ್ನು. ಯಾಕಂದ್ರ ಲೆಕ್ಕ ಕೇಳು: ಒಂದ ಗೆರಿ ಮ್ಯಾಲೆ ಸಮಾ ಹರಡಿದ ಚುಕ್ಕಿಯೊಳಗ ನೂರಕ್ಕ ಹತ್ತು ಹಿಡೀಬೇಕಂದ್ರ ಗೆರಿಯ ಹತ್ತನೇ ಪಾಲು ಸಾಕು. ಹತ್ತು ಆಯಾಮದ ಡಬ್ಬಿಯೊಳಗ ಅಷ್ಟ ಹಿಡೀಬೇಕಂದ್ರ ಒಂದೊಂದು ದಿಕ್ಕಿನಾಗೂ ನೂರಕ್ಕ 80ರಷ್ಟು ಚಾಚಬೇಕು. ಬಾಜೂ ಮನಿಯವರನ್ನ ಕರೀರಿ ಅಂದ್ರ ಅರ್ಧಾ ಊರು ದಾಟಿ ಹೋಗಬೇಕು. ಹತ್ತಕ್ಕ ಹಿಂಗಾದ್ರ 701ಕ್ಕ? ಇದು ಶಾಪ ಅಲ್ಲ, ದಿನಾ ತಿನ್ನೂ ಕಾಟ.

ಸಪ್ತಾಪುರದಿಂದ:

ಅಣ್ಣಾ, ‘ಕಾಟ’ ಎತ್ತಿಕೊಂಡೆ. ನಾನೂ ಅದನ್ನೇ ಹೇಳಬೇಕಂತಿದ್ದೆ: 60 ಸಮೀಕರಣ, 701 ಅವ್ಯಕ್ತ. ಮೊದಲ ಸಲ ಓಡಿಸಿದಾಗ ಇರೋ 60ಕ್ಕೆ ಉತ್ತರ ಚೊಕ್ಕ ಬಂತು. ಹೊಸ ಮಾದರಿ ಇಟ್ಟರೆ ಕಡುಗೆಂಪು ಪುಡಿಗೆ ಪೇಲವ ಅಂತ ಉತ್ತರ. ಈ ಓವರ್‌ಫಿಟ್ಟಿಂಗಿಗೆ ‘ಬಾಯಿಪಾಠ’ ಅಂತ ಬರೆದಿದ್ದೇನೆ, ಯಾರೂ ಬದಲಿಸಬೇಡಿ. ಆಮೇಲೆ ಲ್ಯಾಸೊ ಅನ್ನೋ ಲೆಕ್ಕದ ವಿಧಾನ ಹಚ್ಚಿದೆವು (1996, ಟಿಬ್ಷಿರಾನಿ). ಅದು ಹೆಚ್ಚಿನ ಅಂಕಿಗಳ ತೂಕವನ್ನ ಸೊನ್ನೆ ಮಾಡಿ ಕೆಲವನ್ನಷ್ಟೇ ಉಳಿಸ್ತದೆ.

ವಿದ್ಯಾನಗರದಿಂದ:

ಲ್ಯಾಸೊ = ಕುಣಿಕೆ. ದನ ಹಿಡಿಯುವ ಹಗ್ಗ.

ಬೆಟಗೇರಿಯಿಂದ:

ಸಾಹೇಬ್ರ, ಅದು ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿ ಮಾಡಿದ ಹೆಸರು. ಹಗ್ಗದ ನೆನಪು ಬರಲಿ ಅಂತಾನೂ ಇಟ್ಟಿರಬಹುದು, ಆದರ ಕುಣಿಕಿ ಅಂದ್ರ ನಮ್ಮ ಕಡೆ ಉರುಲು ನೆನಪಾಗ್ತದ. ರೈತರ ಮಳಿಗಿಯೊಳಗ ಆ ಮಾತು ಬ್ಯಾಡ.

ಇನ್ನೊಂದು. ತಂಗಿ, ತಲೆಬರಹದಾಗ ಸ್ಟ್ಯಾಟಿಸ್ಟಿಕ್ಸಿಗೆ ‘ಸಂಖ್ಯಾಶಾಸ್ತ್ರ’ ಅಂತ ಹಾಕೀಯಂದ್ರ ಮಂದಿ ಮಗನ ಹೆಸರಿಗೆ ಒಂದಕ್ಷರ ಕೂಡಿಸ್ಲೇನು ಅಂತ ಕೇಳಾಕ ಬರ್ತಾರ. ಮುಂಡರಗಿ ದಾಟಿ ಹೊಳಿ ಆಚೆ ಹೂವಿನ ಹಡಗಲಿಯೊಳಗ 1920ರಾಗ ಸ್ಟ್ಯಾಟಿಸ್ಟಿಕ್ಸಿನ ದೊಡ್ಡ ಪಂಡಿತ ಸಿ. ಆರ್. ರಾವ್ ಹುಟ್ಟಿದ್ರು. ಅಂಥವರ ಶಾಸ್ತ್ರಕ್ಕೂ ಟಿವಿ ಜ್ಯೋತಿಷಿಯ ಶಾಸ್ತ್ರಕ್ಕೂ ಒಂದ ಹೆಸರು ಇಟ್ಟೀವಿ ನಾವು. ಇದರ ಮುಂದ ಆಯಾಮದ ಜಗಳ ಏನೂ ಅಲ್ಲ.

ವಿದ್ಯಾನಗರದಿಂದ:

ಅದಕ್ಕೇ ಹೇಳುವುದು, ಪದ ಕಟ್ಟುವ ಧೈರ್ಯ ಹೋಗಿದೆ. ಆ ತಂಗಿಯ ಮಾದರಿಯನ್ನೇ ನೋಡಿ. ಗಿಡ ಬಂದದ್ದು ಅಮೆರಿಕದಿಂದ, ತಂದವರು ಪೋರ್ಚುಗೀಸರು. ನಮ್ಮವರು ಅವರ ಹೆಸರಿಗೆ ಕಾದರೇ? ಮನೆಯಲ್ಲಿದ್ದ ಮೆಣಸಿಗೆ ಕಾಯಿ ಹಚ್ಚಿ ಮೆಣಸಿನಕಾಯಿ ಮಾಡಿಕೊಂಡರು.

ಹಾವೇರಿಯಿಂದ:

ಅದನ್ನು ಬೆಳೆಯುವ ‘ರೈತ’ ಅರಬ್ಬಿಯಿಂದ ಬಂದ. ಕೊಳ್ಳುವ ‘ದಲಾಲ’ನೂ ಅಲ್ಲಿಂದಲೇ. ಮೊದಲು ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಅವರಿಬ್ಬರ ಹೆಸರು ಬದಲಿಸಿ ಬನ್ನಿ.

ವಿದ್ಯಾನಗರದಿಂದ:

ಅರಬ್ಬಿಗೆ ನನ್ನ ತಕರಾರಿಲ್ಲ. ಬಾಯಿಗೆ ಹೊಂದಿದ್ದು ನಮ್ಮದು. ಬಹ್ವಾಯಾಮ ಹೊಂದಲ್ಲ.

ಬೆಟಗೇರಿಯಿಂದ:

‘ತಕರಾರು’ ಕೂಡ ಅಲ್ಲಿಂದನ ಬಂದದ್ರೀ.

ಸಪ್ತಾಪುರದಿಂದ:

ಎಲ್ಲರಿಗೂ ಧನ್ಯವಾದ. ಥೀಸಿಸ್ಸಿನಲ್ಲಿ ‘ಅಧಿಕ ಆಯಾಮದ ದತ್ತಾಂಶ’ ಇಡ್ತೇನೆ, ಅಲ್ಲಿ ಓದೋರು ಮೂರೇ ಜನ. ಫ್ಲೆಕ್ಸಿಗೆ ಬೆಟಗೇರಿ ಅಣ್ಣನ ಮಾತು ಹಿಡಿದು ಆಯಾಮವನ್ನೇ ಬಿಟ್ಟೆ. ‘ಮಾದರಿ ಕಡಿಮೆ, ಅಳತೆ ಬಹಳ: ಬಣ್ಣ ಹೇಳೋದು ಹೇಗೆ?’ ಅಂತ ಬರೆದು ಕಳಿಸಿದೆ. ಈಗ ಪ್ರಿಂಟಾಗಿ ಬಂತು. ಡಿಟಿಪಿ ಹುಡುಗ ತನ್ನ ಬಾಯಿಗೆ ಬಂದಂಗೆ ಒತ್ತಿಬಿಟ್ಟಿದ್ದಾನೆ: ‘ಮಾದರಿ ಕಡಿಮಿ, ಅಳತಿ ಭಾಳ’. ಗೈಡ್ ನೋಡಿ ನಕ್ಕರು, ಇರಲಿ ಬಿಡು ಅಂದರು.

ಹಾವೇರಿಯಿಂದ:

‘ಕಡಿಮಿ’, ‘ಅಳತಿ’ ಪ್ರಾದೇಶಿಕ, ಒಪ್ಪುವೆ. ‘ಭಾಳ’ದ ಮಹಾಪ್ರಾಣವನ್ನು ಮಾತ್ರ ವಿದ್ಯಾನಗರದವರು ಗಮನಿಸಬೇಕು. ಬಹಳದ ಹಕಾರ ಹಿಂದೆ ಸರಿದು ಬಕಾರಕ್ಕೆ ಅಂಟಿದೆ. ಮಹಾಪ್ರಾಣ ಕನ್ನಡಿಗರ ಬಾಯಲ್ಲಿ ಇಲ್ಲವೆಂದವರು ಯಾರು?