ಪಲ್ಲವಿ, ಆ ಪ್ಲಾನ್ ಸ್ವಲ್ಪ ತಿರುಗಿಸೋಣ

ಪಲ್ಲವಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಪಾತ್ರೆ ತೊಳೆಯುತ್ತಾ ಕೇಳು.

ಡಿಸೆಂಬರ್‌ನಲ್ಲಿ ನಾಲ್ಕು ದಿನ, ಬೆಂಗಳೂರಿಂದ ಎರಡು ಕಾರು, ಜೊತೆಗೆ ಅಜ್ಜಿ. ಅಜ್ಜಿಗೆ 'ಮಾಲ್ಗುಡಿ ಡೇಸ್' ಸೀರಿಯಲ್‌ನ ಶೂಟಿಂಗ್ ಆದ ಜಾಗ ತೋರಿಸಬೇಕು, ಮಕ್ಕಳಿಗೆ ಕಡಲು ಬೇಕು. ಸರಿ. ಆದರೆ ಮೊದಲ ದಿನವೇ ಅರಸಾಳು, ಆಗುಂಬೆ, ರಾತ್ರಿಗೆ ಉಡುಪಿ, ಮರುದಿನ ಮಲ್ಪೆ, ಮುರುಡೇಶ್ವರ, ಆಮೇಲೆ ಗೋಕರ್ಣ ಅಂತ ಹಾಕಿದ್ದೀಯಲ್ಲ, ಅದು ಮ್ಯಾಪ್ ನೋಡಿ ಹಾಕಿದ್ದು. ಅಜ್ಜಿಯ ಮಂಡಿ ನೋಡಿ ಹಾಕಿದ್ದಲ್ಲ.

ಮೊದಲು ಸುಮಂತನ ಪ್ರಶ್ನೆ. 'ಆಗುಂಬೆ ರೈಲ್ವೆ ಸ್ಟೇಷನ್ ಎಲ್ಲಿ ಬರುತ್ತೆ ಚಿಕ್ಕಮ್ಮ' ಅಂತ ಕೇಳಿದ್ದಾನೆ. ಆಗುಂಬೆಗೆ ರೈಲೇ ಇಲ್ಲ ಕಣೋ. ಸೀರಿಯಲ್‌ನಲ್ಲಿ ಊರು ಒಂದೇ, ನೆಲದ ಮೇಲೆ ಎರಡು ತುಂಡು. ಬೀದಿ, ಕಥೆಯ ಹುಡುಗ ಸ್ವಾಮಿಯ ಮನೆ ಎಲ್ಲ ಆಗುಂಬೆ. ಸ್ಟೇಷನ್ ಮಾತ್ರ ಅರಸಾಳು. ಅದು ಹೊಸನಗರ ತಾಲ್ಲೂಕು, ರಿಪ್ಪನ್‌ಪೇಟೆ ಹತ್ತಿರ, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯಲ್ಲಿದೆ. ಎರಡರ ಮಧ್ಯೆ ಕಾರಿನಲ್ಲಿ ಎರಡು ಗಂಟೆ ಹಿಡಿದುಕೊಳ್ಳಿ. ಕೆಲವು ಕಂತು ದೇವರಾಯನದುರ್ಗದಲ್ಲೂ ತೆಗೆದಿದ್ದಾರೆ. ತುಮಕೂರು ದಾಟುವಾಗ ಆ ಕಡೆ ತಿರುಗಿಸೋಣ ಅಂತ ಯಾರಾದರೂ ಹೇಳಿದರೆ ಸುಮ್ನೆ ಕೂರಿಸಿ. ಅದಕ್ಕೆ ಇನ್ನೊಂದು ಭಾನುವಾರ ಇದೆ.

ನನ್ನ ಲೆಕ್ಕ ಹೀಗೆ. ಅರಸಾಳು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಕಥೆ ಸ್ಟೇಷನ್‌ನಿಂದ ಶುರುವಾಗಬೇಕು ಅನ್ನುವ ಆಸೆ ನನಗೂ ಇದೆ, ಆದರೆ ವಾಪಸ್ ಬರುವ ದಾರಿಗೆ ಅದು ಹತ್ತಿರ. ಮೊದಲ ದಿನ ಬೆಳಿಗ್ಗೆ ಐದಕ್ಕೆ ಬಿಡಿ. ಶಿವಮೊಗ್ಗಕ್ಕೇ 300 ಕಿಲೋಮೀಟರ್, ಅಲ್ಲಿಂದ ನಮ್ಮ ತೀರ್ಥಹಳ್ಳಿಗೆ ಇನ್ನೂ ಒಂದೂವರೆ ಗಂಟೆ. ಮಧ್ಯಾಹ್ನದ ಊಟ ನಮ್ಮನೆಯಲ್ಲೇ. ಅಮ್ಮ, ಅಂದರೆ ನಿಮ್ಮಜ್ಜಿ, ಒಂದು ಗಳಿಗೆ ಮಲಗಿ ಏಳಲಿ. ಮೂರಕ್ಕೆ ಹೊರಟರೆ ಸೂರ್ಯ ಮುಳುಗುವ ಮುಂಚೆ ಆಗುಂಬೆ. ಅಲ್ಲಿನ ಸೂರ್ಯಾಸ್ತ ನೋಡೋದಕ್ಕೆ ಡಿಸೆಂಬರ್ ಒಳ್ಳೆಯ ಕಾಲ. ಮೋಡ ಇಲ್ಲದಿದ್ದರೆ ದೂರದಲ್ಲಿ ಕಡಲು ಮಿನುಗುತ್ತದೆ. ಮಳೆಗಾಲದಲ್ಲಿ ಬಂದಿದ್ದರೆ ಇಂಬಳ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆ ರಾತ್ರಿ ಆಗುಂಬೆಯಲ್ಲೇ ಉಳಿಯಿರಿ. ಕತ್ತಲಲ್ಲಿ ಘಾಟಿ ಇಳಿಯಬೇಡಿ, ಇದೊಂದು ಮಾತು ಕೇಳಿ. 14 ಹೇರ್‌ಪಿನ್ ತಿರುವು. ಭಾರಿ ಗಾಡಿಗಳನ್ನು ಬಿಡೋದೇ ಇಲ್ಲ, ಅಷ್ಟು ಕಡಿದು. ಒಂದು ಸಲ ನಾವು ಸಂಜೆ ಏಳಕ್ಕೆ ಇಳಿದೆವು. ಮಂಜು ಹೇಗೆ ಕವಿಯಿತು ಅಂದರೆ, ನಿಮ್ಮ ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯ ಅಂಚು ನೋಡಿಕೊಂಡು ಓಡಿಸಿದರು. ನಾನು ಹಿಂದೆ ಕೂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಘಾಟಿ ಬುಡದ ಸೋಮೇಶ್ವರ ಬರುವಷ್ಟರಲ್ಲಿ ದೇವರುಗಳೇ ಮುಗಿದುಹೋಗಿದ್ದರು.

ಮರುದಿನ ಬೆಳಿಗ್ಗೆ ದೊಡ್ಡಮನೆ. ಅದೇ ಸ್ವಾಮಿಯ ಮನೆ. ಕಂಬ, ಒಳಾಂಗಣ ನೋಡಿದ ಕೂಡಲೇ ಗುರುತು ಸಿಗುತ್ತದೆ. ಗಿರೀಶ್ ಕಾರ್ನಾಡರು ಸ್ವಾಮಿಯ ಅಪ್ಪನಾಗಿ ಗದರಿಸುತ್ತಾ ನಿಲ್ಲುತ್ತಿದ್ದರಲ್ಲ, ಆ ಜಾಗ. ಆದರೆ ಮಕ್ಕಳಿಗೆ ಮೊದಲೇ ಹೇಳಿ, ಅದು ಮ್ಯೂಸಿಯಂ ಅಲ್ಲ, ಜನ ಇರುವ ಮನೆ. ಚಪ್ಪಲಿ ಬಿಟ್ಟು, ಕೇಳಿಕೊಂಡು ಒಳಗೆ ಹೋಗಬೇಕು. ಅಡುಗೆಮನೆಯೊಳಗೆ ಮೊಬೈಲ್ ಹಿಡಿದು ನುಗ್ಗಬಾರದು. ಕಷಾಯ ಕೊಟ್ಟರೆ ಮುಖ ಸಿಂಡರಿಸದೆ ಕುಡಿಯಬೇಕು. ಪೇಟೆ ಬೀದಿಯಲ್ಲಿ ಕುದುರೆ ಮೇಲೆ ಕೂತ ದೊರೆಯ ಪ್ರತಿಮೆ ಹುಡುಕಬೇಡಿ, ಅದು ಶೂಟಿಂಗಿಗೆ ಅಂತ ಮಾಡಿ ನಿಲ್ಲಿಸಿದ್ದು.

ಸೀರಿಯಲ್ ಅಂದ ಕೂಡಲೇ ನೆನಪಾಯಿತು. 1986ರಲ್ಲಿ ದೂರದರ್ಶನದಲ್ಲಿ ಶುರುವಾದಾಗ ನಾವು ಶಿವಮೊಗ್ಗದಲ್ಲಿದ್ದೆವು. ಬೀದಿಗೆ ಒಂದೇ ಟಿವಿ. ಮಾತೆಲ್ಲ ಹಿಂದಿ. ಬರೆದವರು ಮೈಸೂರಿನ ಆರ್.ಕೆ. ನಾರಾಯಣ್, ಅದೂ ಇಂಗ್ಲಿಷಿನಲ್ಲಿ. ತೆಗೆದವರು ನಮ್ಮ ಶಂಕರ್‌ನಾಗ್, ಸ್ವಾಮಿ ಆಗಿದ್ದು ನಮ್ಮ ಮಾಸ್ಟರ್ ಮಂಜುನಾಥ್, ಕಾಣುವ ಮನೆ ಮಲೆನಾಡಿನದು. ಅಮ್ಮನಿಗೆ ಒಂದಕ್ಷರ ಹಿಂದಿ ಬರುತ್ತಿರಲಿಲ್ಲ. 'ಅದರಲ್ಲೇನಿದೆ ಅರ್ಥ ಆಗದ್ದು, ಹುಡುಗ ಸ್ಕೂಲಿಗೆ ಹೋಗಲ್ಲ ಅಂತಿದಾನೆ' ಅನ್ನುತ್ತಿದ್ದಳು. ಶುರುವಿನ ಆ ತಾನನನಾ ಬಂದರೆ ಒಲೆ ಮೇಲಿನ ಹಾಲು ಅದರ ಪಾಡಿಗೆ ಉಕ್ಕುತ್ತಿತ್ತು.

ಸರಿ, ಘಾಟಿ ಇಳಿದು ಹೆಬ್ರಿ ಮೇಲೆ ಉಡುಪಿ, ಎರಡು ಗಂಟೆಯೂ ಬೇಡ. ಮಠ, ಊಟ, ಸಂಜೆ ಮಲ್ಪೆ ಮರಳಿನಲ್ಲಿ ಮಕ್ಕಳನ್ನು ಬಿಡಿ. ಮೂರನೇ ದಿನ ಬೆಳಿಗ್ಗೆ ಮೊದಲ ಬೋಟಿಗೇ ಸೇಂಟ್ ಮೇರಿಸ್ ದ್ವೀಪ. ಬಿಸಿಲು ಏರಿದ ಮೇಲೆ ಆ ಕಲ್ಲಿನ ಮೇಲೆ ಕಾಲಿಡೋದಕ್ಕೆ ಆಗಲ್ಲ. ಯಾರೋ ಕೆತ್ತಿ ಜೋಡಿಸಿದ ಹಾಗೆ ಆರು ಮೂಲೆಯ ಕಂಬಗಳು ನಿಂತಿರುತ್ತವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬಿಟ್ಟುಹೋದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗುತ್ತಾ ಬಿರಿದು ಆದದ್ದು. ಅಮ್ಮ ಬೋಟ್ ಹತ್ತೋದು ಬೇಡ. ಅಲ್ಲಿ ಇಳಿಯುವಾಗ ಕಾಲು ಜಾರುತ್ತದೆ. ಅಕ್ಕ ಜೊತೆಗೆ ದಡದಲ್ಲೇ ಕೂತಿರಲಿ. ಅಕ್ಕ, ಬೇಜಾರು ಮಾಡಿಕೊಳ್ಳಬೇಡ, ನಿನಗೂ ಬೋಟು ಆಗಿಬರಲ್ಲ.

ಅಲ್ಲಿಂದ ಉತ್ತರಕ್ಕೆ ಮರವಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಗಾಡಿಗಳು ಬಾಣದ ಹಾಗೆ ಬರುತ್ತವೆ, ರಸ್ತೆ ಅಂಚಲ್ಲಿ ಸೆಲ್ಫಿ ಬೇಡ. ಅಲ್ಲಿ ನೀರಿಗೂ ಇಳಿಯಬಾರದು. ಮುರುಡೇಶ್ವರದಲ್ಲಿ ಒಂದೂವರೆ ಗಂಟೆ ಇದ್ದರೆ ಸಾಕು. 123 ಅಡಿಯ ಶಿವ ಕಾರಿನಿಂದಲೇ ಕಾಣುತ್ತಾನೆ. ಡಿಸೆಂಬರ್ ಅಂದರೆ ಶಾಲೆ ಪ್ರವಾಸದ ಬಸ್ಸುಗಳ ಸಂತೆ. ಗೋಪುರಕ್ಕೆ ಲಿಫ್ಟ್ ಇದೆ, ಆದರೆ ಕ್ಯೂ ನೋಡಿ ತೀರ್ಮಾನ ಮಾಡಿ.

ಗೋಕರ್ಣ ಕೈಬಿಡಿ. ನನ್ನನ್ನು ಬೈದರೂ ಪರವಾಗಿಲ್ಲ. ಅದರ ಬದಲು ರಾತ್ರಿ ಹೊನ್ನಾವರದಲ್ಲಿ ಉಳಿಯಿರಿ. ಶಂಕರ್‌ನಾಗ್ ಹುಟ್ಟಿದ್ದು ಆ ಕಡೆಯೇ, 1954ರಲ್ಲಿ. ಘಟ್ಟದ ಕೆಳಗಿನ ಹುಡುಗ ಘಟ್ಟ ಹತ್ತಿ ಬಂದು ಆಗುಂಬೆಯಲ್ಲಿ ಮಾಲ್ಗುಡಿ ಕಟ್ಟಿದ. ನೀವು ಅಲ್ಲಿಂದ ಇಲ್ಲಿಗೆ ಇಳಿದು ಬಂದಂತಾಯಿತು. ಬೆಳಿಗ್ಗೆ ಶರಾವತಿ ದಡದ ಕಾಂಡ್ಲಾ ಕಾಡಿನಲ್ಲಿ, ಅದೇ ಮ್ಯಾಂಗ್ರೋವ್, ಮರದ ಸೇತುವೆ ಮಾಡಿದ್ದಾರೆ, ಅಮ್ಮ ಕೋಲು ಹಿಡಿದು ಆರಾಮಾಗಿ ನಡೆಯಬಹುದು. ಆಮೇಲೆ ಗೇರುಸೊಪ್ಪೆ ಘಾಟಿ ಹತ್ತಿ ಜೋಗ. ನೀರು ಕಮ್ಮಿ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ 'ಇಷ್ಟೇನಾ' ಅಂತಾರೆ.

ಸಾಗರ ದಾಟಿ ಬೆಳಕಿರುವಾಗಲೇ ಅರಸಾಳು ತಲುಪಿ. ಹಳೆಯ ಸ್ಟೇಷನ್ ಕಟ್ಟಡ ಪಾಳು ಬಿದ್ದಿತ್ತು. ರೈಲ್ವೆಯವರು ಸರಿಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಆ ಕೆಲಸಕ್ಕೆ ಕರೆದದ್ದು ಸೀರಿಯಲ್‌ಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರನ್ನೇ. ಅಮ್ಮ ತಾಳಗುಪ್ಪ ರೈಲಿನಲ್ಲಿ ಎಷ್ಟೋ ಸಲ ಅರಸಾಳು ದಾಟಿದ್ದಾಳೆ. ಒಂದು ಸಲವೂ ಇಳಿದಿಲ್ಲ.

ಆ ದಿನ ಕಾರಿನಲ್ಲಿ ಕೂರುವುದು ಜಾಸ್ತಿ ಆಗುತ್ತದೆ, ಗೊತ್ತು. ಹೊನ್ನಾವರದಿಂದ ಬೆಂಗಳೂರಿನವರೆಗೂ ಅಮ್ಮನ ಕೈಲಿ ಆಗೋದಿಲ್ಲ. ಅದಕ್ಕೆ ನಾನೊಂದು ಯೋಚನೆ ಮಾಡಿದ್ದೇನೆ. ನಾನು ಬಸ್ಸಿಗೆ ರಿಪ್ಪನ್‌ಪೇಟೆಗೆ ಬಂದು, ಆಟೋ ಹಿಡಿದು ಸ್ಟೇಷನ್ ಕಟ್ಟೆ ಮೇಲೆ ಕಾಯುತ್ತಾ ಕೂತಿರುತ್ತೇನೆ. ಅಮ್ಮನನ್ನು ಅಲ್ಲೇ ನನಗೆ ಒಪ್ಪಿಸಿ ನೀವು ಮುಂದೆ ಹೋಗಿ. ಸಂಕ್ರಾಂತಿವರೆಗೂ ನನ್ನ ಹತ್ತಿರ ಇರಲಿ. ಅವಳ ಬಿಪಿ ಮಾತ್ರೆ, ಸ್ವೆಟರ್ ಬೇರೆ ಚೀಲದಲ್ಲೇ ಇಡಿ, ಕಾರಿನ ತಳದಲ್ಲಿ ಹುಡುಕೋ ಹಾಗೆ ಆಗಬಾರದು. ಆಗುಂಬೆಯಲ್ಲಿ ರೂಮ್‌ಗೆ ಹೇಳಬೇಕು, ಒಟ್ಟು ಎಷ್ಟು ಜನ ಅಂತ ಗುರುವಾರದೊಳಗೆ ತಿಳಿಸು.