ಖಿನ್ನತೆ, ಆತಂಕ, ಗಾಬರಿ: ಹಾಸನ ಗುಂಪಿನಲ್ಲಿ ಮನೋವೈದ್ಯರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 7ರಿಂದ ನಮ್ಮ ಗುಂಪಿನ ಮನೋವೈದ್ಯೆ ಇಲ್ಲಿ ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರು ಹಾಕಿದರೆ ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಚನ್ನರಾಯಪಟ್ಟಣ: ಮೇಡಂ, ವಯಸ್ಸು 34. ದಿನಾ ಹಾಸನಕ್ಕೆ ಬಸ್ಸಿನಲ್ಲಿ ಓಡಾಡುತ್ತೇನೆ. ಈಚೆಗೆ ಬಸ್ ಹತ್ತಿದರೆ ಎದೆ ಡವಡವ ಅನ್ನುತ್ತೆ, ಕೈ ಜೋಮು ಹಿಡಿಯುತ್ತೆ, ಸತ್ತೇ ಹೋಗ್ತೀನಿ ಅನ್ನಿಸುತ್ತೆ. ಇಸಿಜಿ, ಎಕೋ ಎಲ್ಲ ನಾರ್ಮಲ್. ಗ್ಯಾಸ್ ಅಂತ ಮಾತ್ರೆ ಕೊಟ್ಟರು, ಕಡಿಮೆ ಆಗಿಲ್ಲ.

ಡಾಕ್ಟರ್: ಹೃದಯ ನೋಡಿಸಿದ್ದು ಒಳ್ಳೆಯದಾಯಿತು. ಇದು ಪ್ಯಾನಿಕ್ ಅಟ್ಯಾಕ್, ಅಂದರೆ ತಟ್ಟನೆ ಬರುವ ತೀವ್ರ ಗಾಬರಿ ಇದ್ದ ಹಾಗಿದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರುವಷ್ಟು ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಜೋಮು ಬರುವುದು ಅದರಿಂದ. ಹಾಗಾಗಿ ಆ ಹೊತ್ತಿನಲ್ಲಿ ದೊಡ್ಡ ಉಸಿರು ಎಳೆಯಬೇಡಿ. ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಿ. ಬಸ್ ಮಾತ್ರ ತಪ್ಪಿಸಬೇಡಿ. ಶಾಂತಿಗ್ರಾಮದಲ್ಲೇ ಇಳಿದುಬಿಟ್ಟರೆ, ಇಳಿದಿದ್ದಕ್ಕೇ ಬದುಕಿದೆ ಅಂತ ಮನಸ್ಸು ನಂಬಿಬಿಡುತ್ತೆ, ಮಾರನೇ ದಿನ ಹತ್ತುವುದು ಇನ್ನೂ ಕಷ್ಟ. ಹಾಸನದವರೆಗೂ ಕೂತೇ ಇರಿ. ಥೈರಾಯ್ಡ್ ಒಂದು ಸಲ ಪರೀಕ್ಷೆ ಮಾಡಿಸಿ. ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತೀರಿ?

ಚನ್ನರಾಯಪಟ್ಟಣ: ಐದಾರು ಲೋಟ ಆಗುತ್ತೆ ಮೇಡಂ.

ಡಾಕ್ಟರ್: ಜಾಸ್ತಿಯಾಯಿತು. ಕಾಫಿಯಲ್ಲಿರುವ ಕೆಫೀನ್ ಎದೆ ಡವಡವ, ಗಾಬರಿ ಹೆಚ್ಚಿಸುತ್ತೆ. ರೊಬಸ್ಟಾ ಕಾಫಿಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ನಿಧಾನವಾಗಿ ಎರಡು ಲೋಟಕ್ಕೆ ಇಳಿಸಿ. ಒಂದೇ ದಿನಕ್ಕೆ ಬಿಟ್ಟರೆ ತಲೆನೋವು ಬರುತ್ತೆ. ಇಷ್ಟಾದರೂ ಗಾಬರಿ ನಿಲ್ಲದಿದ್ದರೆ ಬಂದು ತೋರಿಸಿ, ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಅರಸೀಕೆರೆ: ಖಿನ್ನತೆ, ಆತಂಕದ ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತಗೋಬೇಕು, ಅಭ್ಯಾಸ ಆಗುತ್ತೆ ಅಂತಾರೆ. ನಿಜಾನಾ?

ಡಾಕ್ಟರ್: ಎರಡು ಬಗೆಯ ಮಾತ್ರೆಗಳನ್ನು ಜನ ಒಂದೇ ಅಂದುಕೊಂಡಿದ್ದಾರೆ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಥರದವು ಖಿನ್ನತೆಗೆ, ಆತಂಕಕ್ಕೆ ಕೊಡುವಂಥವು. ಚಟ ಹಿಡಿಸುವುದಿಲ್ಲ. ಗುಣ ಕಾಣಲು 2ರಿಂದ 4 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಇರಬಹುದು. ಜನ ಮಾತ್ರೆ ಬಿಡುವುದು ಆ ವಾರದಲ್ಲೇ. ಖಿನ್ನತೆ ಮೊದಲ ಸಲ ಬಂದಿದ್ದರೆ, ಹುಷಾರಾದ ಮೇಲೂ 6ರಿಂದ 9 ತಿಂಗಳು ಮುಂದುವರಿಸಿ ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ಅಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಬೇರೆ ಜಾತಿ. ಅವು ಅಭ್ಯಾಸವಾಗುತ್ತವೆ, ಕೆಲವೇ ವಾರಕ್ಕೆ ಕೊಡುವಂಥವು. ಹಳೆ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ತಗೋಬೇಡಿ. ಬಹಳ ದಿನದಿಂದ ತಗೊಳ್ತಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ಫಿಟ್ಸ್ ಬರುವ ಅಪಾಯ ಇದೆ.

ಆಲೂರು: ಬೆಳಿಗ್ಗೆ ಎದ್ದರೆ ಯಾವ ಕೆಲಸಕ್ಕೂ ಮನಸ್ಸು ಬರಲ್ಲ. ಪಾತ್ರೆ ಹಾಗೇ ಬಿದ್ದಿರುತ್ತೆ. ಮಾತ್ರೆ ಶುರು ಮಾಡಿದ್ದಾರೆ. ಅದು ಕೆಲಸ ಮಾಡುವವರೆಗೆ ದಿನ ಹೇಗೆ ತಳ್ಳಲಿ?

ಡಾಕ್ಟರ್: ಮನಸ್ಸು ಬರಲಿ ಅಂತ ಕಾಯಬೇಡಿ. ಈ ಕಾಯಿಲೆಯಲ್ಲಿ ಕೆಲಸ ಮೊದಲು, ಮನಸ್ಸು ಆಮೇಲೆ. ಎಲ್ಲ ಪಾತ್ರೆ ಬೇಡ, ಎರಡು ಲೋಟ ತೊಳೆಯಿರಿ. ಸಾಕು. ದಿನಾ ಒಂದೇ ಹೊತ್ತಿಗೆ ಏಳಿ, ಅರ್ಧ ಗಂಟೆ ಬಿಸಿಲಿನಲ್ಲಿ ನಡೆಯಿರಿ. ಮಧ್ಯಾಹ್ನ ಮಲಗಬೇಡಿ. ಮೊದಲು ಇಷ್ಟವಾಗಿದ್ದ ಒಂದು ಕೆಲಸವನ್ನು, ಈಗ ಇಷ್ಟವಾಗದಿದ್ದರೂ, ಹತ್ತು ನಿಮಿಷ ಮಾಡಿ. ಪಾತ್ರೆ ಬಿದ್ದಿದೆ ಅಂತ ಮನೆಯಲ್ಲಿ ಯಾರಾದರೂ ಅಂದರೆ ಇದನ್ನು ಓದಲು ಕೊಡಿ.

ಹೊಳೆನರಸೀಪುರ: ನಮ್ಮ ಫ್ಯಾಮಿಲಿ ಗುಂಪಿಗೆ ಬಂದಿದ್ದು, ಉಪಯೋಗ ಆಗಲಿ ಅಂತ ಹಾಕ್ತಿದ್ದೀನಿ. ‘ಖಿನ್ನತೆಗೆ ಇಂಗ್ಲಿಷ್ ಮಾತ್ರೆ ವಿಷ. ಇವತ್ತೇ ನಿಲ್ಲಿಸಿ. ಅಶ್ವಗಂಧ, ಬ್ರಾಹ್ಮಿ ಪುಡಿ ಬಿಸಿ ಹಾಲಿನಲ್ಲಿ 21 ದಿನ. ದಿನಾ ಎರಡು ಬಾಳೆಹಣ್ಣು, ಅದರಲ್ಲಿ ಸೆರೊಟೋನಿನ್ ಇದೆ.’

ಡಾಕ್ಟರ್: ‘ಇವತ್ತೇ ನಿಲ್ಲಿಸಿ’ ಅಂತ ಬರೆದವರು ಯಾರು? ಮಾತ್ರೆ ತಟ್ಟನೆ ನಿಲ್ಲಿಸಿದವರಿಗೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದು, ನಿದ್ದೆಗೆಡುವುದು, ಆಮೇಲೆ ಕಾಯಿಲೆ ಮರುಕಳಿಸುವುದು, ಇದನ್ನೆಲ್ಲ ನೋಡುವವರು ನಾವು. ಬರೆದವರು ಬರುವುದಿಲ್ಲ. ಸೆರೊಟೋನಿನ್ ಅಂದರೆ ಮೆದುಳಿನಲ್ಲಿ ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಒಂದು ರಾಸಾಯನಿಕ. ಬಾಳೆಹಣ್ಣಿನಲ್ಲಿರುವುದು ರಕ್ತದಿಂದ ಮೆದುಳಿಗೆ ದಾಟುವುದೇ ಇಲ್ಲ. ಹಣ್ಣು ತಿನ್ನಿ, ಔಷಧಿ ಅಂತ ಬೇಡ. ಅಶ್ವಗಂಧದಿಂದ ಲಿವರ್‌ಗೆ ತೊಂದರೆಯಾದ ವರದಿಗಳಿವೆ. ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ನಿದ್ದೆ ಮಾತ್ರೆ ಜೊತೆ ಮಂಪರು ಜಾಸ್ತಿ ಮಾಡಬಹುದು. ಅಡ್ಮಿನ್, ಇದನ್ನು ತೆಗೆದುಹಾಕಿ.

ಹೊಳೆನರಸೀಪುರ: ಒಳ್ಳೆ ಉದ್ದೇಶಕ್ಕೆ ಹಾಕಿದ್ದು ಮೇಡಂ. ಇಷ್ಟು ಕೋಪ ಬೇಡ.

ಸಕಲೇಶಪುರ: ಮೇಡಂ, ನಮ್ಮ ಅಪ್ಪನ ಬಗ್ಗೆ. 61 ವರ್ಷ. ತೋಟ ಇದೆ. ಹೋದ ಸಲ ಮಳೆ ಹಿಡಿದು ಕಾಯಿ ಉದುರಿತು, ಸಾಲ ಇದೆ. ಅಳುವುದಿಲ್ಲ, ಬರೀ ಸಿಡುಕುತ್ತಾರೆ. ರಾತ್ರಿ 3ಕ್ಕೆ ಎದ್ದು ಗೋಡೌನ್‌ನಲ್ಲಿ ಕೂರುತ್ತಾರೆ. ನಾನು ಹುಟ್ಟುವ ಮೊದಲಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ ಅಂತ ಪುಸ್ತಕದಲ್ಲಿ ಬರೆಯುತ್ತಿದ್ದರು. ಮೂರು ವಾರದಿಂದ ಬರೆದಿಲ್ಲ. ಪಾಸ್‌ಬುಕ್ ಎಲ್ಲ ಒಂದು ಕವರಿಗೆ ಹಾಕಿ ಅಮ್ಮನಿಗೆ ಕೊಟ್ಟಿದ್ದಾರೆ. ವಾಚ್ ಚಿಕ್ಕಪ್ಪನ ಮಗನಿಗೆ ಕೊಟ್ಟರು. ‘ನಾನಿಲ್ಲದಿದ್ದರೆ ನಿಮಗೆ ಹಗುರ’ ಅಂದರು. ವಯಸ್ಸಿಗೆ ಹೀಗಾಗುತ್ತಾ?

ಡಾಕ್ಟರ್: ವಯಸ್ಸಿಗೆ ಅಲ್ಲ. ಉಳಿದವರ ಪ್ರಶ್ನೆ ಸ್ವಲ್ಪ ತಡೆಯಲಿ, ಇದನ್ನು ಮೊದಲು ಬರೆಯುತ್ತೇನೆ.

ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ. ಸಿಡುಕು, ಕುಡಿತ, ಮೈಕೈ ನೋವು, ನಸುಕಿಗೂ ಮುಂಚೆ ಎಚ್ಚರವಾಗುವುದು, ಹೀಗೆ ಬರುತ್ತದೆ. ಮಳೆ ಪುಸ್ತಕ ಬಿಟ್ಟಿದ್ದನ್ನು ನೀವು ಗಮನಿಸಿದ್ದು ಬಹಳ ಒಳ್ಳೆಯದು. ನಾಳೆ ಅನ್ನುವುದು ಇದೆ ಅಂತ ಅನ್ನಿಸುವವರು ಅಂಥದ್ದನ್ನು ಬಿಡುವುದಿಲ್ಲ. ಅದರ ಜೊತೆ ಪಾಸ್‌ಬುಕ್, ವಾಚ್, ಆ ಮಾತು. ಇದು ತುರ್ತು.

ಇವತ್ತು ರಾತ್ರಿಯೇ ಅವರ ಪಕ್ಕ ಕೂತು ನೇರವಾಗಿ ಕೇಳಿ: ‘ಅಪ್ಪ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನುವ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ಕೇಳಿದ ಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ. ‘ನಮ್ಮನ್ನ ಬಿಟ್ಟು ಹೋಗ್ತೀಯಾ’ ಅಂತ ಜಗಳ ಬೇಡ. ಸಾಲದ ಲೆಕ್ಕ ಇವತ್ತು ಬೇಡ. ಒಬ್ಬರನ್ನೇ ಬಿಡಬೇಡಿ, ರಾತ್ರಿ ಎದ್ದರೆ ಯಾರಾದರೂ ಜೊತೆಗೆ ಏಳಿ.

ತೋಟದ ಮನೆಯಲ್ಲಿ ಔಷಧಿ ಇರುತ್ತದೆ. ಹುಳಕ್ಕೆ ಹೊಡೆಯುವುದು, ಕಳೆನಾಶಕ, ಎಲ್ಲವನ್ನೂ ಈಗಲೇ ಬೇರೆಯವರ ಮನೆಗೆ ಸಾಗಿಸಿ. ಗೋಡೌನ್ ಬೀಗದ ಕೀ ಅವರ ಹತ್ತಿರ ಇರಬಾರದು. ಕೋವಿ ಇದೆಯಾ? ಇದ್ದರೆ ಸ್ಟೇಷನ್‌ಗೆ ಫೋನ್ ಮಾಡಿ ಹೇಳಿ. ಎಲೆಕ್ಷನ್ ಸಮಯದಲ್ಲಿ ಡಿಪಾಸಿಟ್ ಇಡುವುದಿಲ್ಲವಾ, ಹಾಗೇ ಇಡಬಹುದು. ಸಾಯುವ ಯೋಚನೆಯ ತೀವ್ರ ಗಳಿಗೆ ಎಷ್ಟೋ ಸಲ ಬಹಳ ಹೊತ್ತು ಇರುವುದಿಲ್ಲ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ನಾಳೆ ಬೆಳಿಗ್ಗೆ ಹಾಸನಕ್ಕೆ ಕರೆತನ್ನಿ. ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಏನಾದರೂ ಮಾಡಿಕೊಂಡರೆ ಅಥವಾ ಹೊರಟರೆ ಕಾಯಬೇಡಿ, 108 ಅಥವಾ 112. ನನ್ನ ನಂಬರ್ ಅಡ್ಮಿನ್ ನಿಮಗೆ ಕೊಡುತ್ತಾರೆ.

ಸಕಲೇಶಪುರ: ಕೋವಿ ಇದೆ ಮೇಡಂ. ಆಸ್ಪತ್ರೆಯಲ್ಲಿ ಹೇಳಿದರೆ ಪೊಲೀಸ್ ಕೇಸ್ ಆಗುತ್ತಾ? ಅಮ್ಮ ಅದಕ್ಕೇ ಹೆದರಿದ್ದಾರೆ.

ಡಾಕ್ಟರ್: ಯೋಚನೆ ಬಂದಿದೆ ಅಂತ ಹೇಳುವುದು ಯಾವ ಅಪರಾಧವೂ ಅಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತ ನೋಡಬೇಕು, ಶಿಕ್ಷಿಸುವ ಹಾಗಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಅಮ್ಮನಿಗೆ ಧೈರ್ಯ ಹೇಳಿ, ಹೋಗಿ ಅಪ್ಪನ ಜೊತೆ ಕೂರಿ.

ಬೇಲೂರು: ತಪ್ಪು ತಿಳೀಬೇಡಿ. ನಮ್ಮ ಕಾಲದಲ್ಲಿ ಈ ಡಿಪ್ರೆಶನ್ ಎಲ್ಲಿತ್ತು? ಮೈಮುರಿದು ದುಡಿದರೆ ನಿದ್ದೆ ತಾನಾಗಿ ಬರುತ್ತೆ.

ಅರಕಲಗೂಡು: ನಮ್ಮ ಅಣ್ಣ ಮೈಮುರಿದೇ ದುಡಿದ ಸ್ವಾಮಿ. ಮೂರು ಎಕರೆ ಆಲೂಗಡ್ಡೆ ಅಂಗಮಾರಿಗೆ ಹೋಯ್ತು. ಆಮೇಲೆ ಆರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಮಾತ್ರೆ ತಗೊಂಡು ಈಗ ಮತ್ತೆ ಹೊಲಕ್ಕೆ ಹೋಗ್ತಿದ್ದಾನೆ. ನಿಮ್ಮ ಕಾಲದಲ್ಲಿ ಇತ್ತು, ‘ದೆವ್ವ ಹಿಡಿದಿದೆ’ ಅಂತಿದ್ರಿ ಅಷ್ಟೇ.

ಬೇಲೂರು: ಬೆಳೆ ಹೋಗಿದ್ದಕ್ಕೆ ಮಾತ್ರೆನಾ? ಪರಿಹಾರ ಕೊಡಿಸಿ ಮೊದಲು.

ಅರಕಲಗೂಡು: ಪರಿಹಾರ ಬಂದ ಮೇಲೂ ಅವನು ಎದ್ದಿರಲಿಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಹೊಳೆನರಸೀಪುರ: ಬೇಲೂರಿನವರು ಹೇಳಿದ್ದರಲ್ಲೂ ಸತ್ಯ ಇದೆ. ಈಗಿನವರಿಗೆ ಮೊಬೈಲೇ ಕಾಯಿಲೆ.

ಅರಕಲಗೂಡು: ಪುಡಿ ಮಾರೋರು ಸುಮ್ನಿರಿ.

ಹೊಳೆನರಸೀಪುರ: ನಾನೆಲ್ಲಿ ಮಾರಿದೆ? ಮರ್ಯಾದೆ ಕೊಟ್ಟು ಮಾತಾಡಿ.

ಹಾಸನ, ಕೆ.ಆರ್. ಪುರಂ: ಮಗುವಿಗೆ 3 ತಿಂಗಳು. ಕಾರಣ ಇಲ್ಲದೆ ಅಳು, ಮಗು ಎತ್ತಿಕೊಳ್ಳೋಕೂ ಮನಸ್ಸಿಲ್ಲ. ಹಾಲು ಕುಡಿಸುತ್ತಿರುವಾಗ ಮಾತ್ರೆ ತಗೋಬಹುದಾ?

ಡಾಕ್ಟರ್: ತಗೋಬಹುದು. ಸರ್ಟ್ರಾಲಿನ್ ಅಂಥ ಮಾತ್ರೆ ಎದೆಹಾಲಿಗೆ ಬಹಳ ಕಡಿಮೆ ಸೇರುತ್ತದೆ. ವೈದ್ಯರು ನೋಡಿ ಕೊಡಲಿ. ನೀವು ಕೆಟ್ಟ ತಾಯಿ ಅಲ್ಲ, ಇದು ಹೆರಿಗೆಯ ನಂತರದ ಖಿನ್ನತೆ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಮಗುವಿಗೆ ಅಥವಾ ನಿಮಗೆ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದರೆ, ಯಾರೋ ಮಾತಾಡಿದ ಹಾಗೆ ಕೇಳಿಸಿದರೆ, ಅದೇ ದಿನ ಆಸ್ಪತ್ರೆ. ಈ ವಾರ ರಾತ್ರಿ ಮಗುವನ್ನು ಮನೆಯವರು ನೋಡಿಕೊಳ್ಳಲಿ, ನಿಮಗೆ ನಿದ್ದೆ ಬೇಕು.

ಬೇಲೂರು: ಮಾತ್ರೆ, ಮಾತ್ರೆ, ಮಾತ್ರೆ. ಬೇರೆ ಉತ್ತರವೇ ಇಲ್ಲವಾ?

ಡಾಕ್ಟರ್: ಮೇಲೆ ನಡಿಗೆ, ಕಾಫಿ, ನಿದ್ದೆ, ಉಸಿರು ಎಲ್ಲ ಬರೆದಿದ್ದೇನೆ. ಓದಿ ಬನ್ನಿ.

ಹಾಸನ, ಪಿಯುಸಿ ವಿದ್ಯಾರ್ಥಿ: ಪರೀಕ್ಷೆ ಹಾಲ್‌ನಲ್ಲಿ ಎಲ್ಲ ಮರೆತುಹೋಗುತ್ತೆ ಮೇಡಂ. ಏನು ಮಾಡಲಿ?

ಕಟ್ಟಾಯ: ಮಾತ್ರೆ ಅಭ್ಯಾಸ ಆಗುತ್ತಾ ಮೇಡಂ?

ಡಾಕ್ಟರ್: ಅರಸೀಕೆರೆಯವರಿಗೆ ಬರೆದಿದ್ದೇನೆ, ನೋಡಿ.

ಅರಸೀಕೆರೆ: ಹೆಲ್ತ್ ಇನ್ಶೂರೆನ್ಸ್ ಸಿಗುತ್ತಾ ಇದಕ್ಕೆ?

ಡಾಕ್ಟರ್: ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಇದಕ್ಕೂ ಕೊಡಬೇಕು. ಅದೇ ಕಾಯ್ದೆ, ಸೆಕ್ಷನ್ 21(4).

ಅರಕಲಗೂಡು: ಅಡ್ಮಿನ್, ಬೇಲೂರಿನವರನ್ನು ಗುಂಪಿನಿಂದ ತೆಗೀರಿ. ಇವರ ಮಾತು ಕೇಳಿ ಯಾರಾದರೂ ಮಾತ್ರೆ ಬಿಟ್ಟರೆ ಯಾರು ಹೊಣೆ?

ಬೇಲೂರು: ತೆಗೀರಿ ನೋಡೋಣ.

ಚನ್ನಪಟ್ಟಣ ಬಡಾವಣೆ: ಮೇಡಂ, ಮಾತ್ರೆ ಎಷ್ಟು ದಿನ? ಅಭ್ಯಾಸ ಆಗಲ್ವಾ?

ಡಾಕ್ಟರ್: ಮೇಲೆ ಇದೆ.

ಸಕಲೇಶಪುರ: ಮೇಡಂ ಕೇಳಿದೆ. ‘ಹೌದು’ ಅಂದರು. ಆಮೇಲೆ ತುಂಬಾ ಅತ್ತರು. ಔಷಧಿ ಕ್ಯಾನ್ ಎಲ್ಲ ಚಿಕ್ಕಪ್ಪ ಜೀಪಿನಲ್ಲಿ ತಗೊಂಡು ಹೋದರು. ಸ್ಟೇಷನ್‌ಗೂ ಫೋನ್ ಮಾಡಿದೆವು. ಅಪ್ಪ ನಿಮ್ಮ ಹತ್ತಿರ ಮಾತಾಡ್ತೀನಿ ಅಂತಿದ್ದಾರೆ.

ಡಾಕ್ಟರ್: ಈಗಲೇ ಕರೆ ಮಾಡಿ. ಎತ್ತುತ್ತೇನೆ.

ಹೊಳೆನರಸೀಪುರ: ನನ್ನ ಪೋಸ್ಟ್ ತೆಗೆದಿದ್ದು ಯಾಕೆ ಅಂತ ಅಡ್ಮಿನ್ ಹೇಳಬೇಕು.

ಹಾಸನ, ಪಿಯುಸಿ ವಿದ್ಯಾರ್ಥಿ: ಮೇಡಂ, ನನ್ನ ಪ್ರಶ್ನೆ?

ಅಡ್ಮಿನ್: ಡಾಕ್ಟರ್ ಫೋನಿನಲ್ಲಿದ್ದಾರೆ. ಇವತ್ತಿಗೆ ಪ್ರಶ್ನೆ ನಿಲ್ಲಿಸುತ್ತಿದ್ದೇನೆ. ಪಿಯುಸಿ ಹುಡುಗನ ಪ್ರಶ್ನೆ ಮುಂದಿನ ಭಾನುವಾರ ಮೊದಲು ತೆಗೆದುಕೊಳ್ಳುತ್ತೇವೆ. ತಡೆಯಲಾಗದಷ್ಟು ಗಾಬರಿಯಾದರೆ 14416ಕ್ಕೆ ಕರೆ ಮಾಡಪ್ಪ, ವಿದ್ಯಾರ್ಥಿಗಳ ಜೊತೆಗೂ ಮಾತಾಡುತ್ತಾರೆ.